ಮಂಡಕ್ಕಿ ಮೆತ್ತಗಾಗದ ವ್ಯಾನು

ಹಳೆಯ ಈಕೋ ವ್ಯಾನಿನಲ್ಲಿ ನಾನೂ ನನ್ನ ಹೆಂಡತಿಯೂ ಸೂಳೆಕೆರೆಯ ದಡದಲ್ಲಿ ಕಳೆದ ಮೊದಲ ರಾತ್ರಿ ಬೆಳಗಾಗುವಷ್ಟರಲ್ಲಿ, ದಾವಣಗೆರೆಯಿಂದ ಒಯ್ದಿದ್ದ ಮಂಡಕ್ಕಿ ಅರಳೆಯಂತೆ ಮೆತ್ತಗಾಗಿತ್ತು. ಗಾಜಿನ ಒಳಮೈಯಿಂದ ನೀರಿಳಿದು ಹಾಸಿಗೆಯ ಅಂಚು ನೆನೆದಿತ್ತು. ಕೆರೆಯ ತೇವ ಒಳಗೆ ನುಗ್ಗಿದೆ ಎಂದುಕೊಂಡು ಮರುಸಲ ಗಾಜುಗಳನ್ನು ಪೂರ್ತಿ ಏರಿಸಿದೆ, ಹಾಸಿಗೆ ಇನ್ನಷ್ಟು ನೆನೆಯಿತು. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದಲೇ ರಾತ್ರಿಗೆ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ ಎಂಬುದು ನನ್ನ ತಲೆಗೆ ಹೋಗಲು ನಾಲ್ಕು ಪ್ರವಾಸಗಳು ಬೇಕಾದವು.

ಅಷ್ಟರಲ್ಲಿ ರಾತ್ರಿಯಿಡೀ ಫ್ಯಾನು ತಿರುಗಿಸಲೆಂದು ಗೆಳೆಯರ ಮಾತು ಕೇಳಿ ಹದಿನಾಲ್ಕು ಸಾವಿರ ಕೊಟ್ಟು, ಮನೆಯ ಇನ್ವರ್ಟರಿಗೆ ಹಾಕುವಂಥ 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ತಂದಿದ್ದೆ. ಐವತ್ತು ಕೆಜಿಗೂ ಹೆಚ್ಚು ತೂಗುತ್ತಿದ್ದ ಅದನ್ನು ಇಳಿಸಿ ಹತ್ತಿಸುವುದರಲ್ಲೇ ಸೊಂಟ ಹಿಡಿಯಿತು. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಅದರ ಜಾಗಕ್ಕೆ ಬಂದದ್ದು ಅಡಿಕೆ ತೋಟದಲ್ಲಿ ಔಷಧಿ ಹೊಡೆಯುವ ಪಂಪಿನ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿ. ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟಿನ ಫ್ಯಾನು ಮೂರು ವ್ಯಾಟ್ ಎಳೆಯುತ್ತದೆ, ಒಂಬತ್ತು ಗಂಟೆ ತಿರುಗಿದರೂ ಬ್ಯಾಟರಿಯ ಮೂರನೇ ಒಂದು ಪಾಲೂ ಖಾಲಿಯಾಗುವುದಿಲ್ಲ. ಆ ಫ್ಯಾನನ್ನು ಹಿಂಬಾಗಿಲ ಸಂದಿಗೆ, ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಕಟ್ಟಿದೆ. ಬಾಗಿಲನ್ನು ಮರದ ಬೆಣೆಯ ಮೇಲೆ ನಾಲ್ಕು ಬೆರಳಷ್ಟು ತೆರೆದು, ಅಲುಗದಂತೆ ಹಗ್ಗದಿಂದ ಬಿಗಿದು, ಗಾಳಿ ಬೀಸುವ ಕಡೆಯ ಮುಂಗಿಟಕಿಯ ಗಾಜನ್ನು ಎರಡು ಬೆರಳು ಇಳಿಸುತ್ತೇನೆ. ಇಷ್ಟಕ್ಕೆ ನನಗಾದ ಖರ್ಚು ಸುಮಾರು ಒಂಬೈನೂರು ರೂಪಾಯಿ. 'ರಾತ್ರಿಯಿಡೀ ಕಿಟಕಿ ತೆರೆದರೆ ಸೊಳ್ಳೆಗೇ ಊಟ ಹಾಕಿದಂತೆ' ಎಂದು ನಕ್ಕವರು ಈಗ ಫ್ಯಾನು ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದಾರೆ.

ವಾಹನದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿರುವುದರಿಂದ, ನಾನು ಗಾಡಿಗೆ ಒಂದು ಸ್ಕ್ರೂ ಕೂಡ ಹೊಡೆದಿಲ್ಲ. ಪ್ಲೈವುಡ್ ಮಂಚ ಮೂರು ತುಂಡಾಗಿ ಬಿಚ್ಚಿ ಬರುತ್ತದೆ. ಸೋಮವಾರ ಬೆಳಗ್ಗೆ ಅದೇ ಗಾಡಿ ಮಕ್ಕಳನ್ನು ಶಾಲೆಗೆ ಬಿಡುತ್ತದೆ.

ನಿಲ್ಲಿಸುವ ಜಾಗದ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಒಂದು ಸಂಜೆ ಹದ ಮಳೆಯಾದ ಮೇಲೆ ನೀರಿಗೆ ಹತ್ತಿರವಾಗಲೆಂದು ಎರೆ ಹೊಲದ ಅಂಚಿಗೆ ಇಳಿಸಿದ ಗಾಡಿ ಅಚ್ಚಿನವರೆಗೆ ಹೂತುಹೋಯಿತು. 'ಅಣ್ಣಾರೆ, ಈ ನೆಲಕ್ಕೆ ಮಳೆಗಾಲದಾಗ ಎತ್ತೇ ಇಳಿಯಲ್ಲ, ನೀವು ಕಾರು ಇಳಿಸೀರಲ್ಲ' ಎಂದ ಟ್ರ್ಯಾಕ್ಟರಿನ ಹುಡುಗ ಎಂಟುನೂರು ರೂಪಾಯಿ ಮತ್ತು ಎರಡು ಪ್ಲೇಟು ಬೆಣ್ಣೆದೋಸೆ ವಸೂಲು ಮಾಡಿದ. ಅಂದಿನಿಂದ ಗರಸು ನೆಲ ಕಂಡರೆ ಮಾತ್ರ ಇಳಿಯುತ್ತೇನೆ, ಕೆರೆ ಏರಿಯ ಮೇಲಂತೂ ನಿಲ್ಲಿಸುವುದೇ ಇಲ್ಲ. ಭೀಮಸಮುದ್ರದ ಕಡೆ ಅಡಿಕೆ ತೋಟದ ಯಜಮಾನರನ್ನು ಹೊತ್ತು ಮುಳುಗುವ ಮೊದಲೇ ಕೇಳಿದರೆ ಇಲ್ಲವೆನ್ನುವುದು ಅಪರೂಪ, ಕತ್ತಲಾದ ಮೇಲೆ ಕೇಳಿದರೆ ಮೊದಲು ನಾಯಿ ಉತ್ತರ ಕೊಡುತ್ತದೆ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ಗುರುತಿಟ್ಟುಕೊಂಡಿದ್ದ ಒಳ್ಳೆಯ ಜಾಗವೊಂದು, 1933ರ ನಂತರ 2022ರಲ್ಲಿ ಮೊದಲ ಬಾರಿಗೆ ಜಲಾಶಯ ಕೋಡಿ ಬಿದ್ದಾಗ ನೀರಿನಡಿ ಹೋಯಿತು.

ಏಪ್ರಿಲ್ ಬಿಸಿಲಿಗೆ ಛಾವಣಿಯ ಮೇಲೆ ಒದ್ದೆ ಗೋಣಿತಾಟು ಹಾಸಿಯೂ ನೋಡಿದೆ. ಒಳಗೆ ಮೂರು ನಾಲ್ಕು ಡಿಗ್ರಿ ಇಳಿದದ್ದು ನಿಜ, ಆದರೆ ಮಧ್ಯಾಹ್ನವೊಂದಕ್ಕೆ ಎರಡು ಕೊಡ ನೀರು ಹೊತ್ತು ನಾನೇ ಬೆಂದುಹೋದೆ. ಮರದ ನೆರಳೇ ಅಗ್ಗ.

ಕಳೆದ ಡಿಸೆಂಬರಿನಲ್ಲಿ ಅದೇ ಸೂಳೆಕೆರೆಯ ದಡದಲ್ಲಿ ಮಂಡಕ್ಕಿಯನ್ನು ಬೇಕೆಂದೇ ತೆರೆದ ತಟ್ಟೆಯಲ್ಲಿಟ್ಟು ಮಲಗಿದೆ. ಗರಿಗರಿ ಎನ್ನಲಾರೆ, ಆದರೆ ಹಲ್ಲಿಗೆ ಸದ್ದು ಕೊಟ್ಟಿತು, ಗಾಜು ಒಣಗಿತ್ತು. ಕಿಟಕಿಗೆ ಸೊಳ್ಳೆ ಬಲೆಯನ್ನು ಅಂಟೂ ಮೊಳೆಯೂ ಇಲ್ಲದೆ ಹೇಗೆ ಕೂರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕೆರೆಯ ದಡದಲ್ಲಿ ಸಿಕ್ಕವರಿಗೆ ಗಾಡಿಯನ್ನೇ ತೋರಿಸುತ್ತೇನೆ.