ಮನೆಯಲ್ಲೇ ಖಾರಾ ಬನ್: ಗಡಿಯಾರ ಬಿಡಿ, ಹಿಟ್ಟು ನೋಡಿ

ಬೇಕಿಂಗ್ ಕಲಿಯಬೇಕು ಎಂದುಕೊಂಡವರಲ್ಲಿ ಹೆಚ್ಚಿನವರು ಕೇಕಿನಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಖಾರಾ ಬನ್ನಿನಿಂದ ಶುರು ಮಾಡಿ. ಕೇಕಿನ ಹಿಟ್ಟು ಒಮ್ಮೆ ಓವನ್ನಿನೊಳಗೆ ಹೋಯಿತೆಂದರೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ. ಸೋಡಾ ಹೆಚ್ಚಾಯಿತೋ, ಕಲಸಿದ್ದು ಅತಿಯಾಯಿತೋ ಎಂಬುದು ಚಾಕು ಹಾಕಿದಾಗಲೇ ತಿಳಿಯುವುದು. ಬನ್ನಿನ ಹಿಟ್ಟು ಹಾಗಲ್ಲ. ಕಲಸಿದಾಗಿನಿಂದ ಬೇಯುವವರೆಗೆ ಎರಡು ಮೂರು ಗಂಟೆ ಕೈಗೆ ಸಿಗುತ್ತಲೇ ಇರುತ್ತದೆ. ಗಟ್ಟಿಯಾಗಿದ್ದರೆ ನೀರು ಮುಟ್ಟಿಸಬಹುದು, ಉಬ್ಬದಿದ್ದರೆ ಕಾಯಬಹುದು, ಉಬ್ಬಿದ್ದು ಹೆಚ್ಚಾದರೆ ಮತ್ತೆ ನಾದಿ ಉಂಡೆ ಕಟ್ಟಬಹುದು. ಮೊಟ್ಟೆ ಬೇಡ, ಬೀಟರ್ ಬೇಡ. ಓವನ್ ಇಲ್ಲದಿದ್ದರೂ ನಡೆಯುತ್ತದೆ.

ಖಾರಾ ಬನ್ ಎಂದೊಡನೆ ನಮಗೆ ನೆನಪಾಗುವುದು ಅಯ್ಯಂಗಾರ್ ಬೇಕರಿ. ಹಾಸನ ಜಿಲ್ಲೆಯ ಊರುಗಳಿಂದ ಬೆಂಗಳೂರಿಗೆ ಬಂದ ಕುಟುಂಬಗಳು ಕಟ್ಟಿ ಬೆಳೆಸಿದ ಪರಂಪರೆ ಅದು. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಬ್ರೆಡ್ಡು ಎಂಬ ಪರದೇಶದ ತಿನಿಸಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪು ಸೇರಿಸಿ ಅದನ್ನು ನಮ್ಮ ಸಂಜೆಯ ಕಾಫಿಯ ಜೊತೆಗೆ ತಂದು ಕೂರಿಸಿದ್ದು ಇಂಥ ಬೇಕರಿಗಳೇ. ಅಲ್ಲಿನ ರುಚಿ ಮನೆಯಲ್ಲಿ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹದ ಗೊತ್ತಾದರೆ ಬರುತ್ತದೆ.

ಆ ಹದವೂ ನಮಗೆ ತೀರಾ ಹೊಸದಲ್ಲ. ಇಡ್ಲಿ ಹಿಟ್ಟು ರುಬ್ಬಿಡುವ ಮನೆಯಲ್ಲಿ ಎಲ್ಲರಿಗೂ ಗೊತ್ತು: ಏಪ್ರಿಲ್‌ನಲ್ಲಿ ರಾತ್ರಿಯೇ ಉಕ್ಕಿ ಪಾತ್ರೆಯಿಂದ ಚೆಲ್ಲುವ ಹಿಟ್ಟು ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟಾದರೂ ಮೇಲೇಳುವುದಿಲ್ಲ. ‘ಎಂಟು ಗಂಟೆ ಇಡಬೇಕು’ ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಮುಚ್ಚಳ ತೆಗೆದು ನೋಡುತ್ತಾರೆ. ಬನ್ನಿಗೂ ಅದೇ ಕಣ್ಣು ಬೇಕು. ಇಡ್ಲಿ ಹಿಟ್ಟಿನಲ್ಲಿ ಬೇಳೆ, ಅಕ್ಕಿಯ ಜೊತೆಗೇ ಬಂದ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಬನ್ನಿಗೆ ಯೀಸ್ಟನ್ನು ನಾವೇ ಹಾಕುತ್ತೇವೆ, ವ್ಯತ್ಯಾಸ ಅಷ್ಟೆ.

ಬೇಕಾದ ಸಾಮಗ್ರಿ

ಎಂಟು ಬನ್ನಿಗೆ 300 ಗ್ರಾಂ ಮೈದಾ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ (ಒಂದೂವರೆ ಟೀ ಚಮಚ), 15 ಗ್ರಾಂ ಸಕ್ಕರೆ, 6 ಗ್ರಾಂ ಪುಡಿ ಉಪ್ಪು, 30 ಗ್ರಾಂ ಮೆತ್ತಗಿನ ಬೆಣ್ಣೆ ಅಥವಾ ಎಣ್ಣೆ, ಸುಮಾರು 180 ಮಿಲಿಲೀಟರ್ ನೀರು. ಮಸಾಲೆಗೆ ಒಂದು ಮಧ್ಯಮ ಗಾತ್ರದ ಈರುಳ್ಳಿ, ಎರಡು ಮೂರು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಮತ್ತು ಕೊತ್ತಂಬರಿ ಸೊಪ್ಪು ಸೇರಿ ಒಂದು ಹಿಡಿ, ಅರ್ಧ ಚಮಚ ಜೀರಿಗೆ. ಮೇಲೆ ಸವರಲು ಸ್ವಲ್ಪ ಹಾಲು ಮತ್ತು ಬೆಣ್ಣೆ.

ಮೊದಲು ಕೊಳ್ಳಬೇಕಾದ ಸಾಧನ ಓವನ್ ಅಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಂದೇ ಬಟ್ಟಲಿನಲ್ಲಿ ಹಗುರವಾಗಿ ತುಂಬಿದ ಮೈದಾ 120 ಗ್ರಾಂ ತೂಗಿದರೆ ಡಬ್ಬಿಯಿಂದ ಒತ್ತಿ ತೆಗೆದದ್ದು 150 ಗ್ರಾಂವರೆಗೂ ಹೋಗುತ್ತದೆ. ಎರಡು ಬಟ್ಟಲು ಹಾಕುವಷ್ಟರಲ್ಲಿ ಅಳತೆ 60 ಗ್ರಾಂ ತಪ್ಪಿರುತ್ತದೆ, ಬನ್ನು ಕಲ್ಲಾಗಲು ಅಷ್ಟು ಸಾಕು.

ಯೀಸ್ಟ್ ಅಂಗಡಿಯಲ್ಲಿ ಮುಖ್ಯವಾಗಿ ಎರಡು ಒಣ ರೂಪಗಳಲ್ಲಿ ಸಿಗುತ್ತದೆ. ಸಣ್ಣ ಕಾಳಿನ ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೇ ಬೆರೆಸಬಹುದು. ತುಸು ದಪ್ಪ ಕಾಳಿನ ಆಕ್ಟಿವ್ ಡ್ರೈ ಯೀಸ್ಟನ್ನು ಮೊದಲು ಬೆಚ್ಚಗಿನ ನೀರು ಮತ್ತು ಸಕ್ಕರೆಯಲ್ಲಿ ಹತ್ತು ನಿಮಿಷ ನೆನೆಸಿ, ನೊರೆ ಬಂದ ಮೇಲೆ ಬಳಸಬೇಕು. ಪೊಟ್ಟಣ ಒಡೆದು ತಿಂಗಳುಗಳಾಗಿದ್ದರೆ ಯಾವ ಯೀಸ್ಟೇ ಆಗಲಿ ಹೀಗೆ ಪರೀಕ್ಷಿಸಿ. ನೊರೆಯೇ ಬಾರದಿದ್ದರೆ ಆ ಯೀಸ್ಟನ್ನು ಎಸೆಯಿರಿ, ಇನ್ನೆರಡು ಚಮಚ ಹೆಚ್ಚು ಹಾಕಿ ಪ್ರಯೋಜನವಿಲ್ಲ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ನೀರು ಎಷ್ಟು ಬಿಸಿಯಿರಬೇಕು ಎಂಬುದು ಹೊಸಬರ ದೊಡ್ಡ ಗೊಂದಲ. ಬೆರಳಿಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಅಂದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್. ಯೀಸ್ಟ್ ಜೀವವಿರುವ ವಸ್ತು. 55–60 ಡಿಗ್ರಿ ತಾಗಿದರೆ ಸಾಯುತ್ತದೆ. ತಣ್ಣೀರಿನಲ್ಲಿ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಹಾಗಾಗಿ ಅನುಮಾನ ಬಂದರೆ ತಣ್ಣಗಿನ ಕಡೆಗೇ ಇರಿ. ಕರಾವಳಿಯ ಸೆಕೆಗೆ, ಕಲಬುರಗಿಯ ಬೇಸಿಗೆಗೆ ನೀರು ಕಾಯಿಸುವ ಅಗತ್ಯವೇ ಇಲ್ಲ.

ನಾದುವುದು

ಅಗಲ ಪಾತ್ರೆಯಲ್ಲಿ ಮೈದಾ, ಯೀಸ್ಟ್, ಸಕ್ಕರೆ, ಉಪ್ಪು ಕಲಸಿ. ನೀರಿನಲ್ಲಿ ಎರಡು ಚಮಚದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಹಾಕಿ ಒಟ್ಟುಗೂಡಿಸಿ. ಒಣ ಪುಡಿ ಕಾಣದಂತಾದರೆ ಸಾಕು, ಮುಚ್ಚಿ ಹದಿನೈದು ನಿಮಿಷ ಬಿಡಿ. ಈ ವಿರಾಮದಲ್ಲಿ ಹಿಟ್ಟು ತಾನಾಗಿಯೇ ನೀರು ಕುಡಿದು ಮುಂದಿನ ಕೆಲಸವನ್ನು ಅರ್ಧ ಹಗುರ ಮಾಡುತ್ತದೆ. ಆಮೇಲೆ ಮುಟ್ಟಿ ನೋಡಿ, ಗಟ್ಟಿ ಎನಿಸಿದರೆ ಉಳಿಸಿದ ನೀರು ಸೇರಿಸಿ. ಎಲ್ಲ ಬ್ರಾಂಡಿನ ಮೈದಾವೂ ಒಂದೇ ಪ್ರಮಾಣದ ನೀರು ಹಿಡಿಯುವುದಿಲ್ಲ.

ಈಗ ನಾದಲು ಶುರು ಮಾಡಿ. ಮೊದಲ ಎರಡು ಮೂರು ನಿಮಿಷ ಹಿಟ್ಟು ಬೆರಳಿಗೆ, ಅಂಗೈಗೆ, ಕಟ್ಟೆಗೆ ಮೆತ್ತಿಕೊಳ್ಳುತ್ತದೆ. ಹೊಸಬರ ಬನ್ನು ಕೆಡುವುದು ಹೆಚ್ಚಾಗಿ ಈ ಘಟ್ಟದಲ್ಲೇ. ಅಂಟು ನೋಡಿ ಗಾಬರಿಯಾಗಿ ಒಣ ಮೈದಾ ಉದುರಿಸುತ್ತಾರೆ, ಮತ್ತೆ ಅಂಟಿದರೆ ಮತ್ತೆ ಉದುರಿಸುತ್ತಾರೆ, ಕೊನೆಗೆ ಅದು ಚಪಾತಿ ಹಿಟ್ಟಾಗುತ್ತದೆ. ದಯವಿಟ್ಟು ಉದುರಿಸಬೇಡಿ. ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಕಟ್ಟೆಗೆ ಅಂಟಿದ್ದನ್ನು ದೋಸೆ ಮಗುಚುವ ಚಪ್ಪಟೆ ಸೌಟಿನಿಂದ ಕೆರೆದು ಸೇರಿಸುತ್ತಾ ಹೋಗಿ. ಐದಾರು ನಿಮಿಷಕ್ಕೆ ಹಿಟ್ಟು ಒಂದಾಗಿ ಕಟ್ಟೆ ಬಿಡಲು ತೊಡಗುತ್ತದೆ. ಆಗ ಬೆಣ್ಣೆಯನ್ನು ಎರಡು ಮೂರು ಸಲಕ್ಕೆ ಸೇರಿಸಿ. ಒಂದು ಗಳಿಗೆ ಎಲ್ಲವೂ ಜಾರಿ ಚೂರು ಚೂರಾಗಿ, ಕೆಟ್ಟೇಹೋಯಿತು ಎನಿಸುತ್ತದೆ. ಕೈ ನಿಲ್ಲಿಸಬೇಡಿ. ಬೆಣ್ಣೆ ಒಳಗೆ ಸೇರಿದಂತೆ ಹಿಟ್ಟು ಮತ್ತೆ ಕೂಡಿಕೊಂಡು ನುಣುಪಾಗಿ, ಒತ್ತಿದರೆ ಮೆಲ್ಲಗೆ ಹಿಂದಕ್ಕೆ ಬರುವಂತಾಗುತ್ತದೆ.

ನಾದಿದ್ದು ಸಾಕೇ ಎಂದು ನೋಡುವ ಬಗೆ: ನಿಂಬೆಹಣ್ಣಿನ ಗಾತ್ರದ ಹಿಟ್ಟು ತೆಗೆದುಕೊಂಡು ಎರಡೂ ಕೈಯ ಬೆರಳುಗಳಿಂದ ನಾಲ್ಕೂ ಕಡೆಗೆ ಮೆಲ್ಲಗೆ ಎಳೆಯಿರಿ. ತಟ್ಟನೆ ಹರಿದರೆ ಇನ್ನೂ ನಾದಬೇಕು. ಹರಿಯದೆ ತೆಳುವಾಗಿ ಹರಡಿ, ಕಿಟಕಿಯ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣಿಸಿದರೆ ಆಯಿತು. ಗೋಧಿಯಲ್ಲಿರುವ ಪ್ರೋಟೀನು ನೀರು ಕುಡಿದು, ನಾದಿದಂತೆ ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗಿರುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದು ಈ ಜಾಲವೇ. ಅದು ಬಲವಾಗಿಲ್ಲದಿದ್ದರೆ ಅನಿಲ ಸೋರಿಹೋಗುತ್ತದೆ, ಬನ್ನು ಚಪ್ಪಟೆಯಾಗುತ್ತದೆ.

ಈರುಳ್ಳಿಯ ವಿಷಯ

ಈರುಳ್ಳಿಯನ್ನು ಮೊದಲೇ ಹಿಟ್ಟಿಗೆ ಹಾಕಿ ಕಲಸಬೇಡಿ. ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತದೆ. ಹತ್ತೇ ನಿಮಿಷದಲ್ಲಿ ಹದವಾಗಿದ್ದ ಹಿಟ್ಟು ರಾಡಿಯಾಗುತ್ತದೆ, ಮತ್ತೆ ಮೈದಾ ಡಬ್ಬಿಗೆ ಕೈ ಹೋಗುತ್ತದೆ. ಹಸಿ ಈರುಳ್ಳಿಯ ಘಮವೇ ಬೇಕೆನ್ನುವವರು ಸಣ್ಣಗೆ ಹೆಚ್ಚಿ ಕೈಯಲ್ಲಿ ಗಟ್ಟಿಯಾಗಿ ಹಿಂಡಿ ಬಳಸಬಹುದು. ಹೊಸಬರಿಗೆ ನನ್ನ ಆಯ್ಕೆ ಹುರಿಯುವುದು: ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ ಸಿಡಿಸಿ ಈರುಳ್ಳಿ, ಮೆಣಸಿನಕಾಯಿ, ಕರಿಬೇವು ಹಾಕಿ ಎರಡು ನಿಮಿಷ ಬಾಡಿಸಿ, ಪೂರ್ತಿ ಆರಿಸಿ, ಸೊಪ್ಪನ್ನು ಹಸಿಯಾಗಿಯೇ ಬೆರೆಸಿ. ಸೊಪ್ಪು ತೊಳೆದ ನೀರು ಚೆನ್ನಾಗಿ ಬಸಿದಿರಲಿ. ಸಬ್ಬಸಿಗೆಯನ್ನು ಮಾತ್ರ ಬಿಡಬೇಡಿ. ಬೇಕರಿಯ ಮುಂದೆ ಹಾದುಹೋಗುವಾಗ ನಮ್ಮನ್ನು ನಿಲ್ಲಿಸುವ ಪರಿಮಳದಲ್ಲಿ ಅದರ ಪಾಲು ದೊಡ್ಡದು.

ನಾದಿದ ಹಿಟ್ಟನ್ನು ಹಪ್ಪಳದ ಹಾಗೆ ಅಗಲಿಸಿ, ಮಸಾಲೆ ಹರಡಿ, ಸುರುಳಿ ಸುತ್ತಿ, ನಾಲ್ಕಾರು ಸಲ ಮಡಚಿ ಒತ್ತಿದರೆ ಎಲ್ಲ ಕಡೆಗೂ ಸೇರುತ್ತದೆ.

ಉಬ್ಬಲು ಬಿಡುವುದು

ಹಿಟ್ಟಿಗೆ ಎಣ್ಣೆ ಕೈ ಸವರಿ, ನೇರ ಗೋಡೆಯ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಿ. ದುಂಡು ಬೋಗುಣಿಯಲ್ಲಿ ‘ಎರಡರಷ್ಟು’ ಆಯಿತೇ ಎಂದು ಅಂದಾಜು ಮಾಡುವುದು ಕಷ್ಟ, ಇಲ್ಲಿ ಅಳೆದಂತೆ ಕಾಣುತ್ತದೆ.

ಮಂಗಳೂರಿನ ಮೇ ತಿಂಗಳಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಸಾಕಾದೀತು. ಮಡಿಕೇರಿಯ ಚಳಿಯಲ್ಲಿ ಎರಡು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಪಾಕವಿಧಾನದಲ್ಲಿ ‘ಒಂದು ಗಂಟೆ’ ಎಂದಿದ್ದರೆ ಅದು ಬರೆದವರ ಮನೆಯ ಒಂದು ಗಂಟೆ. ನೀವು ನೋಡಬೇಕಾದದ್ದು ರಬ್ಬರ್ ಬ್ಯಾಂಡನ್ನು. ಚಳಿ ಇದ್ದರೆ ಆರಿಸಿದ ಓವನ್ನಿನೊಳಗೆ ಒಂದು ಲೋಟ ಬಿಸಿನೀರಿನ ಜೊತೆ ಡಬ್ಬಿಯನ್ನಿಟ್ಟು ಬಾಗಿಲು ಮುಚ್ಚಿ. ಪುರುಸೊತ್ತಿಲ್ಲದವರು ರಾತ್ರಿ ನಾದಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮುಂದುವರಿಸಬಹುದು. ತಣ್ಣಗೆ ನಿಧಾನವಾಗಿ ಹುದುಗಿದ ಹಿಟ್ಟಿಗೆ ರುಚಿಯೂ ಹೆಚ್ಚು.

ಆಯಿತೇ ಎಂದು ಖಚಿತಪಡಿಸಿಕೊಳ್ಳಲು ಬೆರಳಿಗೆ ಮೈದಾ ಸವರಿಕೊಂಡು ಅರ್ಧ ಇಂಚು ಒತ್ತಿ ತೆಗೆಯಿರಿ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನಷ್ಟು ಹೊತ್ತು ಬೇಕು. ನಿಧಾನವಾಗಿ ಅರ್ಧಂಬರ್ಧ ತುಂಬಿದರೆ ಸರಿಯಾದ ಹದ. ಸುತ್ತಲಿನ ಹಿಟ್ಟೂ ಕುಸಿದು ಹುಳಿ ವಾಸನೆ ಬಂದರೆ ಹೊತ್ತು ಮೀರಿದೆ. ಹಾಗಾದರೂ ಚಿಂತಿಸಬೇಡಿ, ಗಾಳಿ ಹೊರಡಿಸಿ ಉಂಡೆ ಕಟ್ಟಿ, ಎರಡನೆಯ ಸಲ ಹತ್ತಿರವೇ ಇದ್ದು ಗಮನಿಸಿ.

ಉಂಡೆ ಮತ್ತು ಬೇಯಿಸುವುದು

ಹಿಟ್ಟನ್ನು ತೂಗಿ ಎಂಟು ಸಮಭಾಗ ಮಾಡಿ, ಒಂದೊಂದೂ 75–80 ಗ್ರಾಂ ಬರುತ್ತದೆ. ಅಂಚುಗಳನ್ನು ಕೆಳಗೆ ಒಳಸೇರಿಸಿ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಕಟ್ಟೆಯ ಮೇಲೆ ಸುತ್ತಿಸಿ. ಮೇಲ್ಮೈ ಬಿಗಿಯಾದಷ್ಟೂ ಬನ್ನು ಅಡ್ಡಕ್ಕೆ ಹರಡದೆ ಮೇಲಕ್ಕೆ ಏಳುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಎರಡು ಬೆರಳು ಅಂತರ ಬಿಟ್ಟು ಜೋಡಿಸಿ, ಒದ್ದೆ ಹಿಂಡಿದ ಬಟ್ಟೆ ಮುಚ್ಚಿ ಮತ್ತೆ ಉಬ್ಬಲು ಬಿಡಿ. ಈ ಸಲ ಒಂದೂವರೆಯಿಂದ ಒಂದೂಮುಕ್ಕಾಲು ಪಟ್ಟು ಆದರೆ ಸಾಕು, ಉಳಿದದ್ದು ಓವನ್ನಿನ ಕಾವಿಗೆ ಏಳುತ್ತದೆ.

ಓವನ್ನನ್ನು 190 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಬನ್ನಿನ ಮೇಲೆ ಹಾಲು ಸವರಿ, ನಡುವಿನ ಅಟ್ಟದಲ್ಲಿ, ಮೇಲಿನ ಕೆಳಗಿನ ಎರಡೂ ಕಡ್ಡಿ ಉರಿಯುವಂತೆ ಇಟ್ಟು 18ರಿಂದ 22 ನಿಮಿಷ ಬೇಯಿಸಿ. ಮನೆಯ ಸಣ್ಣ ಓವನ್‌ಗಳಲ್ಲಿ ತಿರುಗಿಸುವ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ತಾಳೆಯಾಗದಿರುವುದು ಸಾಮಾನ್ಯ. ಹದಿನೈದನೆಯ ನಿಮಿಷದಿಂದಲೇ ಗಾಜಿನ ಮೂಲಕ ಗಮನಿಸುತ್ತಿರಿ. ಮೇಲೆ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಒಂದು ಬನ್ನನ್ನು ಮಗುಚಿ ತಳ ನೋಡಿ: ಹೊಂಬಣ್ಣ ಬಂದಿರಬೇಕು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಹೊರತೆಗೆದ ಕೂಡಲೇ ಮೇಲೆ ಬೆಣ್ಣೆ ಸವರಿದರೆ ಸಿಪ್ಪೆ ಮೃದುವಾಗುತ್ತದೆ, ಹೊಳಪೂ ಬರುತ್ತದೆ.

ಓವನ್ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆ ಅಥವಾ ಬಾಣಲೆಯಲ್ಲಿ ಒಂದು ಪದರ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಬನ್ನಿನ ತಟ್ಟೆಯನ್ನು ಸ್ಟ್ಯಾಂಡ್ ಮೇಲಿಟ್ಟು, ಉರಿ ತಗ್ಗಿಸಿ 25ರಿಂದ 30 ನಿಮಿಷ ಬೇಯಿಸಿ. ನಾನ್‌ಸ್ಟಿಕ್ ಪಾತ್ರೆ ಬೇಡ, ಅದನ್ನು ಹೀಗೆ ಬರಿದಾಗಿ ಕಾಯಿಸಬಾರದು. ಕುಕ್ಕರ್ ಬಳಸುವುದಾದರೆ ನೀರು ಹಾಕಬೇಡಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಬೇಕು. ಇಲ್ಲಿ ಮೇಲಿನಿಂದ ಕಾವು ಇಲ್ಲದ ಕಾರಣ ಬನ್ನಿನ ತಲೆ ಬೆಳ್ಳಗೇ ಉಳಿಯುತ್ತದೆ. ಬೆಂದ ಮೇಲೆ ಬೆಣ್ಣೆ ಸವರಿದ ಕಾವಲಿಯ ಮೇಲೆ ಒಂದು ನಿಮಿಷ ತಲೆಕೆಳಗಾಗಿಟ್ಟರೆ ಬಣ್ಣ ಬರುತ್ತದೆ.

ಬಿಸಿಬಿಸಿಯಾಗಿಯೇ ಮುರಿಯುವ ಆಸೆ ಎಲ್ಲರಿಗೂ. ಜಾಲರಿಯ ಮೇಲೆ ಹದಿನೈದು ನಿಮಿಷವಾದರೂ ಆರಲಿ. ಒಳಗಿನ ಹಬೆ ಹೊರಹೋಗುವವರೆಗೆ ತಿರುಳು ಹಸಿಹಿಟ್ಟಿನಂತೆ ಅಂಟುತ್ತದೆ, ಬೆಂದಿಲ್ಲವೆಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಆಮೇಲೆ ಅಡ್ಡಕ್ಕೆ ಸೀಳಿ ಬೆಣ್ಣೆ ಸವರಿ ತಿನ್ನಿ. ಬೆಂಗಳೂರಿನ ಬೇಕರಿಗಳ ಹಾಗೆ ನಡುವೆ ಖಾರದ ಕಾಂಗ್ರೆಸ್ ಕಡಲೆಬೀಜ ತುಂಬುವುದೂ ಉಂಟು, ಒಮ್ಮೆ ಮಾಡಿ ನೋಡಲೇಬೇಕು.

ಉಳಿದದ್ದನ್ನು ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿ ಹೊರಗೇ ಇಡಿ. ಈರುಳ್ಳಿ, ಸೊಪ್ಪು ಇರುವುದರಿಂದ ಮಾರನೆಯ ದಿನದೊಳಗೆ ಮುಗಿಸುವುದು ಒಳ್ಳೆಯದು. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಬಿರುಸಾಗುತ್ತದೆ, ಹಾಗಾಗಿ ಹೆಚ್ಚು ದಿನಕ್ಕೆ ಬೇಕಾದರೆ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಕಾವಲಿಯ ಮೇಲೆ ಮುಚ್ಚಿ ಬಿಸಿ ಮಾಡಿ. ಮೈದಾ ಬೇಡವೆನ್ನುವವರು ಮುಂದಿನ ಸಲ ಅರ್ಧದಷ್ಟು ಗೋಧಿ ಹಿಟ್ಟು ಬಳಸಬಹುದು. ಅದು ಹೆಚ್ಚು ನೀರು ಹಿಡಿಯುತ್ತದೆ, 15–20 ಮಿಲಿಲೀಟರ್ ಜಾಸ್ತಿ ಹಾಕಿ. ತವುಡು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕತ್ತರಿಸುವುದರಿಂದ ಬನ್ನು ಮೈದಾದಷ್ಟು ಎತ್ತರ ಏಳುವುದಿಲ್ಲ. ಎರಡರಷ್ಟಾಗಲಿ ಎಂದು ಕಾಯುತ್ತಾ ಕೂರದೆ, ಬೆರಳಿನ ಗುಳಿ ನಿಧಾನವಾಗಿ ತುಂಬಲು ತೊಡಗಿದ ಕೂಡಲೇ ಮುಂದಿನ ಹಂತಕ್ಕೆ ಹೋಗಿ.