ವಿಮಾನ ಹತ್ತುವ ಮುನ್ನ: ಕೋವಿ, ತೋಟೆ ಮತ್ತು ಗಡಿಯ ನಿಯಮಗಳು

ಕಾಸರಗೋಡಿನ ಅಡಕೆ ತೋಟಗಳಲ್ಲಿ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದು ಕೋವಿ ಇಟ್ಟುಕೊಂಡವರಿದ್ದಾರೆ. ಅಂಥ ಮನೆಗಳಿಂದಲೇ ಗಲ್ಫಿಗೆ ಹೋಗಿಬರುವ ಮಕ್ಕಳೂ ಅಳಿಯಂದಿರೂ ಇದ್ದಾರೆ. ರಾತ್ರಿ ಹಂದಿ ಕಾಯಲು ಒಯ್ದ ಚೀಲವೇ, ಮರೆತುಹೋದ ತೋಟೆಯೊಂದು (ಕೋವಿಗೆ ತುಂಬುವ ಗುಂಡು) ಒಳಗೆ ಉಳಿದಿರುವಂತೆಯೇ, ಕೆಲವು ತಿಂಗಳ ಬಳಿಕ ಬಟ್ಟೆಬರೆ ತುಂಬಿಕೊಂಡು ಕರ್ನಾಟಕದ ಗಡಿಯಾದ ತಲಪಾಡಿ ದಾಟಿ ಮಂಗಳೂರು ವಿಮಾನ ನಿಲ್ದಾಣ ಸೇರಿದರೆ ಏನಾಗಬಹುದು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೋವಿಗೆ ಹೇಗೋ ತೋಟೆಗೂ ಹಾಗೆಯೇ ಪರವಾನಗಿ ಬೇಕು. ಕೋವಿ ಜೊತೆಗಿಲ್ಲದಿದ್ದರೂ, ಸಿಕ್ಕಿದ್ದು ಒಂದೇ ತೋಟೆಯಾದರೂ ಪ್ರಕರಣ ದಾಖಲಾಗಬಹುದು. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ತನ್ನ ಬಳಿ ಇದೆಯೆಂಬ ಅರಿವು ಇದ್ದರೆ ಮಾತ್ರ ಅದು ಸ್ವಾಧೀನವೆನಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ, ನಿಜ. ಆದರೆ ಆ ವಾದ ಮಂಡಿಸುವ ಹೊತ್ತಿಗೆ ವಿಮಾನ ತಪ್ಪಿರುತ್ತದೆ, ಕೆಲಸಕ್ಕೆ ಹಾಜರಾಗಬೇಕಾದ ದಿನವೂ ಕಳೆದಿರುತ್ತದೆ.

ಆದ್ದರಿಂದ ಮೊದಲ ಕೆಲಸ ಮನೆಯಂಗಳದಲ್ಲೇ ಆಗಬೇಕು. ಹನ್ನೆರಡು ಬೋರಿನ ತೋಟೆ ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆ. ಬುಡಕ್ಕೆ ಹಿತ್ತಾಳೆ ಬಣ್ಣದ ಲೋಹದ ಟೊಪ್ಪಿ ಇರುತ್ತದೆ. ಪಾಯಿಂಟ್ ಟೂ ಟೂ ರೈಫಲಿನ ಗುಂಡಾದರೆ ಇನ್ನೂ ಸಣ್ಣದು, ಒಳಪದರದ ಹೊಲಿಗೆ ಬಿಚ್ಚಿದಲ್ಲಿ ಜಾರಿಕೊಂಡರೆ ಕೈಗೆ ಸಿಗುವುದೇ ಕಷ್ಟ. ಚೀಲವನ್ನು ಬಿಸಿಲಿಗೆ ತಂದು ಮಗುಚಿ ಕೊಡವಿ, ಪ್ರತಿ ಕಿಸೆಯನ್ನೂ ಹೊರಮಗ್ಗುಲಾಗಿ ಎಳೆದು, ಒಳಪದರವನ್ನು ಬೆರಳುಗಳಿಂದ ಹಿಸುಕುತ್ತಾ ಮೂಲೆ ಮೂಲೆ ನೋಡಿರಿ. ಜಾಕೆಟ್, ಟಾರ್ಚಿನ ಚೀಲಗಳನ್ನೂ ಬಿಡಬೇಡಿ. ಸಿಡಿದ ತೋಟೆಯ ಖಾಲಿ ಸಿಪ್ಪೆಯೂ ತಪಾಸಣೆಯಲ್ಲಿ ತೊಂದರೆ ತರುವುದರಿಂದ ಅದೂ ಮನೆಯಲ್ಲೇ ಉಳಿಯಲಿ. ಎಲ್ಲಕ್ಕಿಂತ ಒಳ್ಳೆಯದು, ತೋಟಕ್ಕೊಂದು ಚೀಲ, ಪ್ರಯಾಣಕ್ಕೆ ಬೇರೆಯೇ ಚೀಲ.

ತೀರಿಹೋದ ಅಜ್ಜನ ಕಾಲದ ತೋಟೆಗಳು ಪೆಟ್ಟಿಗೆಯಲ್ಲಿ ಸಿಕ್ಕರೆ ಕೆರೆಗೋ ಕಸಕ್ಕೋ ಎಸೆಯದೆ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿಗೆ ಒಪ್ಪಿಸಿ ರಶೀದಿ ಪಡೆಯಬೇಕು.

ಶೂಟಿಂಗ್ ಸ್ಪರ್ಧೆಗೆಂದೋ ಬೇರೆ ಕಾರಣಕ್ಕೋ ಕೋವಿಯನ್ನೇ ಹೊರದೇಶಕ್ಕೆ ಒಯ್ಯಬೇಕಾದವರು ಲೈಸೆನ್ಸ್ ಪುಸ್ತಕದಿಂದ ಆರಂಭಿಸಬೇಕು. ಅದರಲ್ಲಿ ನಮೂದಾದ ವ್ಯಾಪ್ತಿ ಕೇರಳಕ್ಕೆ ಸೀಮಿತವಾಗಿದ್ದರೆ ತಲಪಾಡಿಯಲ್ಲೇ ಅದು ಮುಗಿಯುತ್ತದೆ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿ. ಪಾಣತ್ತೂರಿನಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಗಡಿಯ ಈಚೆಗಿನ ನಮಗೆ ಅನ್ವಯಿಸದು.

ಪರವಾನಗಿ ಉಳ್ಳವರು ಸ್ವಂತ ಬಳಕೆಗೆ ಮಿತ ಪ್ರಮಾಣದಲ್ಲಿ ಕೋವಿ, ತೋಟೆಗಳನ್ನು ದೇಶದಿಂದ ಹೊರಗೊಯ್ಯಲು ಕಾಯ್ದೆಯ 10ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ಪ್ರಮಾಣ ಮಿತವಾದದ್ದೇ, ಬಳಕೆ ಸ್ವಂತದ್ದೇ ಎಂಬ ಪ್ರಶ್ನೆ ಎದ್ದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಕಸ್ಟಮ್ಸ್ ಅಧಿಕಾರಿ ಅವುಗಳನ್ನು ತಡೆಹಿಡಿದಿಡಬಹುದು. ಆದರೆ ಇಷ್ಟರಿಂದ ಇಳಿಯುವ ದೇಶದ ಬಾಗಿಲು ತೆರೆಯುವುದಿಲ್ಲ. ಆ ದೇಶದ ಅನುಮತಿಪತ್ರವನ್ನೂ, ನಡುವೆ ವಿಮಾನ ಬದಲಿಸುವುದಿದ್ದರೆ ಅಲ್ಲಿನ ಒಪ್ಪಿಗೆಯನ್ನೂ ಟಿಕೆಟ್ ಕಾದಿರಿಸುವ ಮೊದಲೇ ಪಡೆದಿರಬೇಕು. ವಿಮಾನ ಸಂಸ್ಥೆಗೂ ಮೊದಲೇ ಲಿಖಿತವಾಗಿ ತಿಳಿಸಬೇಕು. ಕೈಚೀಲದಲ್ಲಿ ಒಯ್ಯುವಂತೆಯೇ ಇಲ್ಲ. ಕೌಂಟರಿನಲ್ಲಿ ಘೋಷಿಸಿ, ಗುಂಡು ತೆಗೆದ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲೂ, ತೋಟೆಗಳನ್ನು ಬೇರೆ ಗಟ್ಟಿ ಡಬ್ಬಿಯಲ್ಲೂ ಕೊಡಬೇಕು. ಅಂತಾರಾಷ್ಟ್ರೀಯ ನಿಯಮದಂತೆ ತೋಟೆಗಳ ಒಟ್ಟು ತೂಕ ಒಬ್ಬರಿಗೆ 5 ಕಿಲೋ ಮೀರಬಾರದು. ವಿಮಾನ ಸಂಸ್ಥೆಗಳು ಇನ್ನೂ ಕಡಿಮೆ ಮಿತಿ ಹಾಕಬಹುದು.

ನಿಲ್ದಾಣದ ಸಾಲಿನಲ್ಲಿ ನಿಂತ ಮೇಲೆ ಚೀಲದಲ್ಲಿ ತೋಟೆ ಇರುವುದು ಗೊತ್ತಾದರೆ ಕಸದ ಬುಟ್ಟಿಗೆ ಹಾಕಬೇಡಿ, ಇನ್ನೊಬ್ಬರ ಕೈಗೆ ಕೊಡಬೇಡಿ. ಎಕ್ಸ್-ರೇ ಯಂತ್ರಕ್ಕೆ ಚೀಲ ಇಡುವ ಮೊದಲೇ ಭದ್ರತಾ ಸಿಬ್ಬಂದಿಗೆ ನೀವಾಗಿಯೇ ಹೇಳಿ, ಕೋವಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಕರೆಮಾಡಿ ಲೈಸೆನ್ಸಿನ ಪ್ರತಿಯನ್ನು ಕೂಡಲೇ ತರಿಸಿಕೊಳ್ಳಿ.