ತೆರಿಗೆ ದುಡ್ಡು ಎಲ್ಲಿಗೆ ಹೋಯ್ತು? ಬೈಯುವ ಮುಂಚೆ ಹೀಗೆ ಹುಡುಕಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವಳು ನಾನು. ಫೆಬ್ರವರಿ ಬಂದರೆ ಸಾಕು, ಸಂಬಳದಲ್ಲಿ ಟಿಡಿಎಸ್ (ಕೈಗೆ ಬರುವ ಮುಂಚೆಯೇ ಹಿಡಿಯುವ ಆದಾಯ ತೆರಿಗೆ) ಜಾಸ್ತಿ ಹಿಡಿದದ್ದಕ್ಕೆ ಎಲ್ಲರೂ ನನ್ನ ಟೇಬಲ್ ಮುಂದೆ. "ನಮ್ಮ ದುಡ್ಡು ನುಂಗಿ ನೀರು ಕುಡೀತಾರೆ ಮೇಡಂ, ರೋಡ್ ನೋಡಿ!" ಅನುಮಾನ ನನಗೂ ಇದೆ. ಆದರೆ ಆ ಗುಂಡಿಗೆ ಆದಾಯ ತೆರಿಗೆಯನ್ನು ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ಗಲ್ಲಿ ರಸ್ತೆ ಪಾಲಿಕೆಯ ಪಾಲಿನದು. ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ.

ಹಾಗಾಗಿ ಮೊದಲು ಕೇಂದ್ರದ ಬಜೆಟ್ ಜಾಲತಾಣದಲ್ಲಿ 'ಬಜೆಟ್ ಅಟ್ ಎ ಗ್ಲಾನ್ಸ್' ತೆಗೆಯಿರಿ. ರೂಪಾಯಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಚಿತ್ರವೇ ಇದೆ. 2025-26ರಲ್ಲಿ ಖರ್ಚಿನ ಪ್ರತಿ ರೂಪಾಯಿಗೆ ರಾಜ್ಯಗಳ ಪಾಲು 22 ಪೈಸೆ, ಸಾಲದ ಬಡ್ಡಿ 20 ಪೈಸೆ, ರಕ್ಷಣೆ 8 ಪೈಸೆ. ಬಡ್ಡಿಯ ಸಾಲು ನೋಡಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಆಮೇಲೆ ನಿಮ್ಮ ಫಾರ್ಮ್ 16ರಲ್ಲಿ, ಅಂದರೆ ಕಂಪನಿ ಕೊಡುವ ಟಿಡಿಎಸ್ ಪ್ರಮಾಣಪತ್ರದಲ್ಲಿ, ಆರೋಗ್ಯ ಮತ್ತು ಶಿಕ್ಷಣ ಸೆಸ್ ಸಾಲು ಹುಡುಕಿ. ಸೆಸ್ ಅಂದರೆ ಒಂದು ಉದ್ದೇಶಕ್ಕೆಂದೇ ಹಾಕುವ ಹೆಚ್ಚುವರಿ ತೆರಿಗೆ. ತೆರಿಗೆಯ ಮೇಲೆ 4%. ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲಿಲ್ಲ. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ. ಈ ಸೆಸ್‌ಗೂ ಮುಂಚೆ, ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು 2007ರ ಬಜೆಟ್‌ನಲ್ಲಿ ಸೆಸ್ ಹಾಕಿದರು. ಆ ದುಡ್ಡಿಡಲು ಪ್ರತ್ಯೇಕ ನಿಧಿಗೆ ಸಂಪುಟ ಒಪ್ಪಿದ್ದು 2017ರ ಆಗಸ್ಟ್‌ನಲ್ಲಿ!

ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಗಳನ್ನೂ ನೋಡಿ. ಪೂರ್ತಿ ಓದುವುದು ಬೇಡ, ಶುರುವಿನ ಸಾರಾಂಶ ಸಾಕು. ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆ ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ 9999999999 ಅನ್ನುವ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು! ನಂಬರ್ ಕಡ್ಡಾಯವಲ್ಲ ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು. ಎರಡನ್ನೂ ಓದಿ, ನೀವೇ ತೂಗಿ.

ಇನ್ನು ಕೈಗೆ ಸಿಗುವ ಒಂದು ಕಾಮಗಾರಿ ಹಿಡಿಯಿರಿ. ಊರಿಗೆ ಹೋಗುವ, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ ಒಳ್ಳೆಯದು. ಅದರ ಖರ್ಚಿನಲ್ಲಿ ಕೇಂದ್ರದ್ದು 60%, ರಾಜ್ಯದ್ದು 40%. ರಸ್ತೆ ಬದಿಯ ಫಲಕದ ಫೋಟೊ ತೆಗೆಯಿರಿ. ಪ್ಯಾಕೇಜ್ ನಂಬರ್, ಉದ್ದ, ಮೊತ್ತ, ಗುತ್ತಿಗೆದಾರ ಎಲ್ಲಾ ಅದರಲ್ಲಿರಬೇಕು. ಕೆಲಸ ಮುಗಿದ ಮೇಲೆ 5 ವರ್ಷ ನಿರ್ವಹಣೆಯೂ ಅದೇ ಗುತ್ತಿಗೆದಾರನದು.

ಈಗ 10 ರೂಪಾಯಿ ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಅರ್ಜಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ರಸ್ತೆ ಯಾಕೆ ಕಿತ್ತುಹೋಯ್ತು?" ಅಂತ ಕೇಳಲೇಬೇಡಿ. ಯಾಕೆ ಅನ್ನುವುದು ಮಾಹಿತಿಯಲ್ಲ ಅಂತ ಅರ್ಜಿ ವಾಪಸ್ ಬರುತ್ತದೆ. ಕಾಗದ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಎಂಬಿ ಅಂದರೆ ಅಳತೆ ಪುಸ್ತಕ, ಪಾವತಿಸಿದ ಬಿಲ್, ಗುಣಮಟ್ಟ ಪರೀಕ್ಷೆಯ ವರದಿ. ಇದರಲ್ಲಿ ಎಂಬಿ ಬಿಡಲೇಬೇಡಿ. ಎಷ್ಟು ಮೀಟರ್, ಎಷ್ಟು ದಪ್ಪ, ಎಷ್ಟು ಮೋರಿ ಅಂತ ಎಂಜಿನಿಯರ್ ಬರೆದು ಸಹಿ ಹಾಕಿರುತ್ತಾರೆ. ನಮ್ಮೂರ ರಸ್ತೆಯ ಎಂಬಿಯಲ್ಲಿ ಮೋರಿ ಎರಡು. ರಸ್ತೆಯಲ್ಲಿ ಒಂದೇ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲೂ ಹಕ್ಕಿದೆ. ಹೋಗುವಾಗ ಟೇಪು ಮತ್ತು ಎಂಬಿ ಪ್ರತಿ ಜೊತೆಗಿರಲಿ. ಊರಿನ ಇನ್ನಿಬ್ಬರನ್ನೂ ಕರೆದುಕೊಂಡು ಹೋಗಿ, ಒಬ್ಬರೇ ಬೇಡ.